ಕಲ್ಮಲ ಕ್ರಾಸಿನ ಕಿವಿ ಮಿಸ್ತ್ರಿ

ಹೋದ ವಾರ ಪಕ್ಕದ ಮನೆಯವರು ತಮ್ಮ ಎಮ್ಮೆಗೆಂದು ಒಂದು ಚೀಲ ತೌಡನ್ನು ನನ್ನ ಕಾರಿನ ಡಿಕ್ಕಿಯಲ್ಲಿ ಹಾಕಿಸಿಕೊಂಡು ಬಂದರು. ಬೇಡ ಅನ್ನಲು ಬಾಯಿ ಬರಲಿಲ್ಲ. ವಾರಕ್ಕೆರಡು ಸಲ ಅವರ ಮನೆಯ ಮಜ್ಜಿಗೆ ಕುಡಿಯುವವಳು ನಾನು. ಚೀಲದ ಹೊಲಿಗೆ ಬಿಚ್ಚಿ ಅರ್ಧ ಸೇರಿನಷ್ಟು ತೌಡು ಡಿಕ್ಕಿಯಲ್ಲೇ ಚೆಲ್ಲಿತ್ತು. ಮರುದಿನ ಮಧ್ಯಾಹ್ನ, ರಾಯಚೂರಿನ ಬಿಸಿಲಿಗೆ ಕಾದು ನಿಂತ ಕಾರಿನ ಬಾಗಿಲು ತೆಗೆದೆ. ಬೆಚ್ಚಗಿನ ತೌಡಿನ ವಾಸನೆ, ಅದರೊಳಗೆ ಯಾವುದೋ ಹಳೆಯ ಗ್ರೀಸಿನ ವಾಸನೆ, ಎರಡೂ ಕೂಡಿ ಮುಖಕ್ಕೆ ಬಡಿದವು. ಒಂದು ಗಳಿಗೆ ಬಾಗಿಲು ಹಿಡಿದುಕೊಂಡು ಹಾಗೇ ನಿಂತೆ. ಮಿಸ್ತ್ರಿ ಕೈ ತೊಳೆಯುವಾಗ ಬರುತ್ತಿದ್ದ ವಾಸನೆ ಅದು.

ಬೇರೆ ಗ್ಯಾರೇಜಿನವರು ಸೋಪಿನ ಪುಡಿಯನ್ನೋ ಕಟ್ಟಿಗೆ ಹೊಟ್ಟನ್ನೋ ಬಳಸುತ್ತಾರೆ. ಮಿಸ್ತ್ರಿ ಒಂದು ಹಿಡಿ ತೌಡು ತೆಗೆದುಕೊಂಡು ಒಣಗೈಯಲ್ಲೇ ಗಸಗಸ ತಿಕ್ಕುತ್ತಿದ್ದರು. ಗ್ರೀಸೆಲ್ಲ ತೌಡಿಗೆ ಹತ್ತಿ ಕರಿ ಉಂಡೆಯಾಗಿ ಉದುರುತ್ತಿತ್ತು. ನೀರು ಆಮೇಲೆ. ಅಕ್ಕಿ ಗಿರಣಿಯಲ್ಲಿ ಇಪ್ಪತ್ತು ವರ್ಷ ಫಿಟ್ಟರ್ ಆಗಿ ದುಡಿದವರಿಗೆ ತೌಡಿನ ರೂಢಿ ಬಿಟ್ಟಿರಲಿಲ್ಲ.

ನಾನು ಗಣಿತದ ಟೀಚರು. ಮನೆ ರಾಯಚೂರಿನಲ್ಲಿ, ಶಾಲೆ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಮ್ಮಪ್ಪ ಮಾನ್ವಿಯ ಗಿರಣಿಗಳಲ್ಲಿ ಚೀಲ ಹೊತ್ತವನು. ನಮ್ಮ ಮನೆತನದಲ್ಲಿ ಕಾರಿನ ಸ್ಟೇರಿಂಗ್ ಹಿಡಿದವಳು ನಾನೇ ಮೊದಲು. ಸೆಕೆಂಡ್ ಹ್ಯಾಂಡ್ ಕಾರು ತಂದಾಗ ಸ್ಟಾಫ್ ರೂಮಿನಲ್ಲಿ ಪೇಢೆ ತಿಂದವರೆಲ್ಲ ಅಭಿನಂದನೆಗಿಂತ ಸಲಹೆ ಜಾಸ್ತಿ ಕೊಟ್ಟರು. ಹೆಂಗಸರಿಗೆ ಇಷ್ಟು ದೂರ ಆಗದು, ಹಳೇ ಗಾಡಿ ನಂಬಬಾರದು, ಬಸ್ಸೇ ಛಲೋ... ನಾನು ಕೇಳಿಸಿಕೊಂಡು ಪೇಢೆಯ ಡಬ್ಬಿ ಮುಚ್ಚಿದೆ.

ಮೂರು ತಿಂಗಳಿಗೆ ಕಾರು ಸಪ್ಪಳ ಮಾಡತೊಡಗಿತು. ನಿಂತಲ್ಲೇ ಸ್ಟೇರಿಂಗ್ ತಿರುವಿದರೆ ಎಡಗಡೆಯಿಂದ ಯಾರೋ ಕೊಡಪಾನಕ್ಕೆ ಹೊಡೆದ ಹಾಗೆ ಸದ್ದು. ಊರೊಳಗಿನ ಒಂದು ದೊಡ್ಡ ಗ್ಯಾರೇಜಿಗೆ ಒಯ್ದೆ. ಎರಡು ದಿನ ಇಟ್ಟುಕೊಂಡು ಸ್ಟೇರಿಂಗಿನ ಕೆಳಗಿನ ಏನೇನೋ ಸಾಮಾನು ಬದಲಿಸಿ ಕೊಟ್ಟರು. ಗೇಟು ದಾಟುವಷ್ಟರಲ್ಲಿ ಮತ್ತೆ ಟಂಗ್ ಅಂದಿತು. ಆಗ ನಮ್ಮ ಹೆಡ್‌ಮಾಸ್ತರು, "ಕಲ್ಮಲ ಕ್ರಾಸಿಗೆ ಹೋಗ್ರಿ ಟೀಚರ್. ಅಲ್ಲಿ ಕಿವಿ ಮಿಸ್ತ್ರಿ ಅಂತ ಅದಾರ. ಸ್ಟೇರಿಂಗ್ ಸಪ್ಪಳ ಹಿಡಿಯೋದರಾಗ ಅವರ ಕಿವಿ ಭಾಳ ಚುರುಕು" ಅಂದರು. ಮಾನ್ವಿಯಿಂದ, ದೇವದುರ್ಗದಿಂದ, ಅತ್ತ ಚಂದ್ರಬಂಡದಿಂದ ಕೂಡ ಆ ಕಿವಿಯ ಹೆಸರು ಕೇಳಿಯೇ ಜನ ಗಾಡಿ ತರುತ್ತಿದ್ದರಂತೆ.

ಶೆಡ್ಡು ಅಂದರೆ ನಾಲ್ಕು ತಗಡು, ಒಂದು ಬೇವಿನ ಮರ, ಪಕ್ಕದಲ್ಲಿ ಚಹಾದ ಹೋಟೆಲು. ಮಿಸ್ತ್ರಿಗೆ ಐವತ್ತೈದರ ಆಸುಪಾಸು. ಹಣೆಯ ಮೇಲೆ ವಿಭೂತಿ, ಮೈಮೇಲೆ ಬಣ್ಣ ಹೇಳಲಾಗದ ಬನಿಯನ್. ಹೆಡ್‌ಮಾಸ್ತರು ಕಳಿಸಿದ್ದು ಅಂದೆ.

"ಬರ್ರಿ ಅಕ್ಕೋರ. ಏನಾಗ್ಯದ?"

"ಸ್ಟೇರಿಂಗ್ ತಿರುವಿದ್ರ ಸಪ್ಪಳ ಬರ್ತದ."

"ಹೆಂಗ ಬರ್ತದ? ಬಾಯಿಲೆ ಮಾಡಿ ತೋರಸ್ರಿ."

ಚೇಷ್ಟೆ ಇರಬೇಕು ಅಂದುಕೊಂಡೆ. ಅವರು ಗಂಭೀರವಾಗಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರೂ ನೋಡುತ್ತಿದ್ದರು. ಹದಿನೈದು ವರ್ಷ ಮಕ್ಕಳಿಗೆ ಬೀಜಗಣಿತ ಹೇಳಿದ ಬಾಯಿ ಇದು. ಕಡೆಗೆ ಸಣ್ಣ ದನಿಯಲ್ಲಿ "ಟಂಗ್" ಅಂದೆ.

"ಒಂದ ಸಲ ಏನು, ತಡದು ತಡದು ಬರ್ತದೋ?"

"ಟಂಗ್... ಟಂಗ್..."

"ಕೈಗೆ ಬಡಿತದೋ, ಕಾಲಿಗೋ?"

ಯೋಚಿಸಿದೆ. ಹೌದಲ್ಲ, ಕಾಲಿಗೇ. ಯಾವ ಗ್ಯಾರೇಜಿನವರೂ ಇದನ್ನು ಕೇಳಿರಲಿಲ್ಲ. ಮಿಸ್ತ್ರಿ ನನ್ನನ್ನು ಸೀಟಿನಲ್ಲಿ ಕೂರಿಸಿ, ತಾವು ಎಡಗಾಲಿಯ ಹಿಂದೆ ಕೈ ತೂರಿಸಿ ದೊಡ್ಡ ಸ್ಪ್ರಿಂಗನ್ನು ಹಗುರ ಹಿಡಿದುಕೊಂಡರು. ಕೂಸಿನ ನಾಡಿ ನೋಡುವವರ ಹಾಗೆ. "ಸಾವಕಾಶ ತಿರುವ್ರಿ. ಪೂರಾ ಈ ಕಡಿ. ಈಗ ಪೂರಾ ಆ ಕಡಿ" ಅಂದರು. ಕಣ್ಣು ಮುಚ್ಚಿದ್ದರು. ಎರಡು ಸಲ ತಿರುವಿಸಿ ಕೈ ಹೊರಗೆ ತೆಗೆದರು.

"ಸ್ಟೇರಿಂಗ್‌ದಾಗ ಏನೂ ಇಲ್ರಿ. ಸ್ಪ್ರಿಂಗಿನ ತಲಿ ಮ್ಯಾಲಿನ ಬೇರಿಂಗ್ ಜಾಮ್ ಆಗ್ಯದ. ಸ್ಪ್ರಿಂಗ್ ತಿರುಗಾಕ ಬಿಡವಲ್ದು. ಅದಕ್ಕ ತಡದು ತಡದು ಜಿಗಿಯಾಕತ್ತದ."

ನನ್ನ ಹಿಂದೆಯೇ ಮಾನ್ವಿಯ ರೈಸ್ ಮಿಲ್ ಸಾವ್ಕಾರರೊಬ್ಬರು ಬಂದು ನಿಂತಿದ್ದರು. ಇಸ್ತ್ರಿ ಮುರಿಯದ ಬಿಳಿ ಬಟ್ಟೆ, ಕೈಗೆ ನಾಲ್ಕು ಉಂಗುರ. ಅವರು ಕೆಮ್ಮಿದರೆ ಸುತ್ತ ಇದ್ದವರು ಎದ್ದು ನಿಲ್ಲಬೇಕು, ಅಂಥ ಮನುಷ್ಯ. ಅವರಿಗೂ ಅದೇ ಮಾತು: ಬಾಯಿಲೆ ಮಾಡಿ ತೋರಸ್ರಿ. ಸಾವ್ಕಾರರು ಒಮ್ಮೆ ಆಚೀಚೆ ನೋಡಿ, ತುಟಿ ಚಾಚಿ, "ಕುಂಯ್ಯ್ಯ್..." ಅಂತ ಉದ್ದಕ್ಕೆ ಎಳೆದರು. ನನ್ನ ಮರ್ಯಾದೆ ಅರ್ಧ ವಾಪಸು ಬಂದ ಹಾಗಾಯಿತು. ಮಿಸ್ತ್ರಿ ನಗದೆ, "ಪವರ್ ಸ್ಟೇರಿಂಗ್ ಎಣ್ಣಿ ಕಮ್ಮಿ ಆಗಿ ಪಂಪಿಗೆ ಗಾಳಿ ಹೊಕ್ಕದ್ರಿ. ಎಲ್ಲಿ ಸೋರತದ ನೋಡೂಣು" ಅಂದರು.

ಅವತ್ತು ಸಂಜೆಯ ಹೊತ್ತಿಗೆ ನನ್ನ ಕಾರಿನ ಸಪ್ಪಳ ಹೋಗಿತ್ತು. ಆಮೇಲೆ ಏಳೆಂಟು ವರ್ಷ ಆ ಶೆಡ್ಡಿಗೆ ಹೋಗಿ ಬಂದೆ. ಒಮ್ಮೆ, ಪೂರ್ತಿ ತಿರುವಿ ಹೋಗುವಾಗ ಕಟ್ ಕಟ್ ಕಟ್ ಎಂದು ಕಡಿಯುವ ಸದ್ದು. ಗಾಲಿಯ ಹತ್ತಿರದ ರಬ್ಬರಿನ ಟೊಪ್ಪಿಗೆ ಹರಿದು ಒಳಗೆ ಎರೆಮಣ್ಣು ಹೋಗಿ ಆಕ್ಸಲಿನ ಜಾಯಿಂಟು ಸವೆದಿತ್ತು. ಇನ್ನೊಮ್ಮೆ ತಗ್ಗಿಗೆ ಇಳಿದಾಗಲೆಲ್ಲ ಕೈಗೆ ಟಪ್ ಟಪ್ ಅಂತ ಬಡಿತ. ಗಾಲಿಯನ್ನು ಗಡಿಯಾರದ ಒಂಬತ್ತು, ಮೂರು ಇರುವ ಕಡೆ ಹಿಡಿದು ಅಲ್ಲಾಡಿಸಿದರು, ಸ್ಟೇರಿಂಗನ್ನು ಗಾಲಿಗೆ ಜೋಡಿಸುವ ಟೈ ರಾಡಿನ ತುದಿ ಸಡಿಲಾಗಿತ್ತು. ನಾನೂ ಸುಮ್ಮನಿರುವವಳಲ್ಲ, ಪ್ರತಿ ಸಲ ಯಾಕೆ, ಹೇಗೆ ಅಂತ ಕೇಳುತ್ತಿದ್ದೆ. "ಅಕ್ಕೋರ, ಪರೀಕ್ಷಾ ನಿಮಗೋ ನನಗೋ?" ಅಂತ ನಗಾಡಿ, ಬಿಚ್ಚಿದ ಸಾಮಾನನ್ನು ನನ್ನ ಕೈಗಿಟ್ಟು ತೋರಿಸುತ್ತಿದ್ದರು. ಚಹಾ ಬರುತ್ತಿತ್ತು. ಅವರ ಕಪ್ಪು, ನನ್ನ ಕಪ್ಪು ಒಂದೇ ತಾಟಿನಲ್ಲಿ ಬರುತ್ತಿದ್ದವು. ನಮ್ಮಪ್ಪನ ಕಾಲದಲ್ಲಿ ಹಾಗೆ ಬರುತ್ತಿರಲಿಲ್ಲ ಅಂತ ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅದರ ಬಗ್ಗೆ ನಾವು ಮಾತಾಡಲಿಲ್ಲ.

ಅವರ ಹತ್ತಿರ ಫೋನು ಇರಲಿಲ್ಲ. "ಫೋನಿನ್ಯಾಗ ಗಾಡಿ ರಿಪೇರಿ ಆಗಂಗಿಲ್ಲ, ಗಾಡಿ ತರ್ರಿ" ಅನ್ನುತ್ತಿದ್ದರು. ಹೆಸರಾದವರಿಗೆ ಇಷ್ಟು ಜಂಬ ಇರುತ್ತದೆ ಅಂತ ಎಲ್ಲರೂ ಒಪ್ಪಿಕೊಂಡಿದ್ದೆವು.

ಕರೋನಾ ಕಾಲದಲ್ಲಿ, ಶಾಲೆ ಮತ್ತೆ ತೆರೆದ ಮೇಲೆ, ಒಂದು ಬೆಳಿಗ್ಗೆ ಹೋದೆ. ಸ್ಟೇರಿಂಗ್ ತಿರುವುವಾಗ ಕಿರ್ರ್ ಅಂತ ಉಜ್ಜುವ ಸದ್ದು ಬರುತ್ತಿತ್ತು. ನಾನು ಮಾಸ್ಕಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. ಮಾಸ್ಕಿನೊಳಗಿಂದಲೇ ಸಪ್ಪಳ ಮಾಡಿದೆ. ಮಿಸ್ತ್ರಿ ನೋಡುತ್ತ ನಿಂತರು. ಗಟ್ಟಿಯಾಗಿ ಮಾಡಿದೆ. ಹೋಟೆಲಿನವರು ತಿರುಗಿ ನೋಡಿದರು, ಮಿಸ್ತ್ರಿ ಮಾತ್ರ ನನ್ನ ಕಣ್ಣನ್ನೇ ನೋಡುತ್ತಿದ್ದರು.

"ಆ ಅರಿವಿ ತಗೀರಿ ಅಕ್ಕೋರ."

"ತೆಗೆಯೂದಿಲ್ಲ. ನೀವೂ ಹಾಕ್ಕೋಬೇಕು ಮಿಸ್ತ್ರಿ."

ಅವರು ಅಂದಿದ್ದನ್ನೇ ಮತ್ತೆ ಅಂದರು, ನಾನು ಹಟ ಹಿಡಿದೆ. ಆಗ ಅವರು ಬೇವಿನ ಮರದ ಆಚೆ ನನ್ನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದರು. ಕೈಯಲ್ಲಿದ್ದ ಸ್ಪಾನರನ್ನು ಆ ಕೈಯಿಂದ ಈ ಕೈಗೆ ದಾಟಿಸಿದರು.

"ನನಗ ಕೇಳಂಗಿಲ್ರಿ. ಐದಾರು ವರ್ಷಾತು, ಪೂರಾ ಹೋಗ್ಯದ. ಮಿಲ್ಲಿನ ಇಂಜಿನ್ ರೂಮಿನ್ಯಾಗ ಇದ್ದಾಗಿಂದ ಕಮ್ಮಿ ಆಗ್ತಾ ಬಂದಿತ್ತು. ತುಟಿ ನೋಡಿ ತಿಳ್ಕೋತೀನಿ. ಉಳಿದದ್ದು ಕೈಗೆ ಗೊತ್ತಾಗ್ತದ."

ನಾನು ಮಾಸ್ಕು ತೆಗೆದೆ. ಅವರು ಮಾತು ಮುಂದುವರಿಸಿದರು. "ಮಂದಿ ಬರೋದು ಈ ಕಿವಿಗೆ. ಅದ ಹೋಗ್ಯದ ಅಂದ್ರ ಯಾರು ಬರ್ತಾರ್ರಿ ನನ್ನ ಕಡಿ? ನಿಮ್ಮ ಹೊಟ್ಟ್ಯಾಗ ಇಟ್ಕೊಳ್ರಿ."

"ಆತು ಮಿಸ್ತ್ರಿ," ಅಂದೆ, ತುಟಿ ಸ್ಪಷ್ಟವಾಗಿ ಕಾಣುವಂತೆ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಬಾಯಲ್ಲಿ ಮಾಡಿಸಿದ್ದು ತುಟಿ ನೋಡಲು. ಕೈಗೋ ಕಾಲಿಗೋ ಅಂತ ಕೇಳಿದ್ದು ತಮಗೆ ಕೇಳಿಸದ್ದನ್ನು ನಮ್ಮ ಮೈಯಿಂದ ತಿಳಿಯಲು. ಕಿವಿ ಇರುವವರು ಎರಡು ದಿನ ಇಟ್ಟುಕೊಂಡೂ ಹುಡುಕಲಾಗದ್ದನ್ನು ಈ ಮನುಷ್ಯ ಬರೀ ಬೆರಳಲ್ಲಿ ಹುಡುಕಿದ್ದರು. ಎಲಾ ಇವರ, ಅನ್ನಿಸಿತು. ನಮ್ಮಪ್ಪನೂ ಮನೆಯಲ್ಲಿ ಒದರಿ ಮಾತಾಡುತ್ತಿದ್ದ. ಸಿಟ್ಟಿನ ಮನುಷ್ಯ ಅಂತ ನಾವು ಹೆದರಿಕೊಂಡೇ ಬೆಳೆದೆವು. ಗಿರಣಿ ಅವನ ಕಿವಿಯನ್ನೂ ತಿಂದಿರಬಹುದು ಅಂತ ಹೊಳೆದದ್ದು ಅವತ್ತು, ಅವನು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ.

ಒಂದೂವರೆ ವರ್ಷ ಆ ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡೆ. ಆಮೇಲೆ ನಮ್ಮ ಶಾಲೆಗೆ ಬೆಂಚು ಕೊಡಿಸಿದ ದಾನಿಗಳಿಗೆ ಸನ್ಮಾನ ನಡೆಯಿತು. ದಾನಿ ಬೇರೆ ಯಾರೂ ಅಲ್ಲ, ಕುಂಯ್ ಎಂದಿದ್ದ ಅದೇ ಮಾನ್ವಿಯ ಸಾವ್ಕಾರರು. ಶಾಲು ಹಾರ ಎಲ್ಲ ಮುಗಿದು ಸ್ಟಾಫ್ ರೂಮಿನಲ್ಲಿ ಉಪ್ಪಿಟ್ಟು ತಿನ್ನುತ್ತ ಮಾತು ಗಾಡಿಗಳ ಕಡೆ ತಿರುಗಿತು. ಸಾವ್ಕಾರರು ಮಿಸ್ತ್ರಿಯನ್ನು ಹೊಗಳತೊಡಗಿದರು.

"ಏನ್ ಕಿವಿರೀ ಆತಂದು! ರಸ್ತಾದಾಗ ಹೋಗೋ ಗಾಡಿ ಸಪ್ಪಳ ಕೇಳಿ ಯಾವ ನಟ್ಟು ಸಡ್ಲಾಗ್ಯದ ಅಂತ ಹೇಳ್ತಾನ."

ಬೋರ್ಡಿನ ಮೇಲೆ ತಪ್ಪು ಲೆಕ್ಕ ಇದ್ದರೆ ಒರೆಸದೆ ಇರಲಾರದ ರೋಗ ನನಗೆ. ಬೇರೆಯವರ ತರಗತಿಯ ಬೋರ್ಡಾದರೂ ಸರಿ. ಜೊತೆಗೆ ಆ ಮನುಷ್ಯನ ನಿಜವಾದ ವಿದ್ಯೆ ಏನೆಂದು ಈ ಜನಕ್ಕೆ ಗೊತ್ತೇ ಇಲ್ಲವಲ್ಲ ಎಂಬ ಚಡಪಡಿಕೆಯಂಥದು ಏನೋ ಇತ್ತು.

"ಕಿವಿ ಅಲ್ರೀ ಸಾವ್ಕಾರ್ರ. ಅವರಿಗೆ ಕೇಳಂಗೇ ಇಲ್ಲ. ಎಲ್ಲಾ ಕೈಯಾಗ ಅದ. ಕೈ ಇಟ್ಟು ಹೇಳ್ತಾರ, ಅದು ದೊಡ್ಡದು ನೋಡ್ರಿ!"

ಸಾವ್ಕಾರರ ಚಮಚ ಬಾಯಿಗೆ ಹೋಗುವುದು ನಿಂತಿತು. "ಕಿವುಡ ಏನ್ರಿ ಅಂವಾ?"

ನಾನು ಹೇಳಿದ ನಾಲ್ಕು ಮಾತಿನಲ್ಲಿ ಅವರು ಎತ್ತಿಕೊಂಡಿದ್ದು ಒಂದೇ. ಹಂಗಲ್ರಿ, ಹಿಂಗ ನೋಡ್ರಿ ಅಂತ ಬಿಡಿಸಿ ಹೇಳಲು ಹೋದೆ. ಸ್ಪ್ರಿಂಗು, ಬೇರಿಂಗು, ತುಟಿ... ಹೇಳಿದಷ್ಟೂ ಕೆಟ್ಟಿತು. ಯಾರ ಮುಂದೂ ಅನ್ನಬೇಡಿ ಎಂದು ಕೇಳಿಕೊಂಡೆ. "ಛೇ ಛೇ, ನಾನ್ಯಾಕ ಅನ್ಲಿ ಟೀಚರ್" ಅಂದರು ಸಾವ್ಕಾರರು, ಆಗಲೇ ಅವರ ಕಣ್ಣಲ್ಲಿ ನಗು ಇತ್ತು. ನಾನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟೆ.

ತಿಂಗಳೊಳಗೆ ಸುದ್ದಿ ಕ್ರಾಸು ಮುಟ್ಟಿತು. ಒಂದು ಮಧ್ಯಾಹ್ನ ನಾನು ಸೀಟಿನಲ್ಲಿ ಕೂತು ಸ್ಟೇರಿಂಗ್ ತಿರುವುತ್ತಿದ್ದೆ, ಮಿಸ್ತ್ರಿ ಬಾನೆಟ್ಟಿನೊಳಗೆ ಬಗ್ಗಿದ್ದರು. ಸಾವ್ಕಾರರ ಡ್ರೈವರ್ ಗಾಡಿ ತಂದು ಅವರ ಬೆನ್ನ ಹಿಂದೆ, ಮೂರು ಮಾರು ದೂರದಲ್ಲಿ ನಿಲ್ಲಿಸಿದ. ಪಕ್ಕದಲ್ಲಿ ಇನ್ನಿಬ್ಬರು ಕೂತಿದ್ದರು. ಡ್ರೈವರ್ ಒಮ್ಮೆಲೇ ಹಾರ್ನ್ ಒತ್ತಿದ. ಒತ್ತಿದವನು ಬಿಡಲಿಲ್ಲ. ನಾನು ಸೀಟಿನಲ್ಲೇ ಹಾರಿಬಿದ್ದೆ. ಮಿಸ್ತ್ರಿ ಕದಲಲಿಲ್ಲ.

ಸ್ಟೇರಿಂಗ್ ತಿರುವುವುದು ನಿಂತಿತೆಂದು, ಬಾನೆಟ್ಟಿನ ಪಕ್ಕದಿಂದ ತಲೆ ಚಾಚಿ ನನ್ನ ಮುಖ ನೋಡಿದರು. ನಾನು ಬೆಚ್ಚಿದ್ದು ಕಂಡಿತು. ಆಮೇಲೆ ಮೆಲ್ಲಗೆ ಹಿಂದೆ ತಿರುಗಿ ನೋಡಿದರು. ಗಾಡಿಯಲ್ಲಿದ್ದ ಮೂವರೂ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಹೋಟೆಲಿನ ಮುಂದೆ ಇದ್ದವರು ಎದ್ದು ನಿಂತು ನೋಡುತ್ತಿದ್ದರು.

"ಹಾರ್ನ್ ಹೊಡದ್ರೇನ್ರಿ?" ಅಂತ ನನ್ನನ್ನು ಕೇಳಿದರು.

ಹೌದೆಂದು ಗೋಣು ಹಾಕಿದೆ. ಅವರು ನನ್ನನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು. "ತಿರುವ್ರಿ" ಅಂದು ಮತ್ತೆ ಬಗ್ಗಿದರು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಯಾವ ಕಡೆ ತಿರುವಬೇಕು ಅನ್ನುವುದೇ ಮರೆತುಹೋಗಿತ್ತು.

ಅಲ್ಲಿಂದ ಗಾಡಿಗಳು ಕಮ್ಮಿಯಾಗುತ್ತ ಬಂದವು. ಸಪ್ಪಳ ಕೇಳದವನು ಸಪ್ಪಳ ಏನು ಹುಡುಕುತ್ತಾನೆ ಅಂತ ಜನರ ತರ್ಕ. ಅದೇ ಕೈ ಅದೇ ಜನರ ಗಾಡಿಯನ್ನು ಅಷ್ಟು ವರ್ಷ ಸರಿಮಾಡಿತ್ತು ಅನ್ನುವುದು ಯಾರ ಲೆಕ್ಕಕ್ಕೂ ಬರಲಿಲ್ಲ. ಮೊದಲು ಸರದಿಗೆ ಕಾಯಬೇಕಾಗಿದ್ದ ಶೆಡ್ಡಿನಲ್ಲಿ ಈಗ ನಾನು ಹೋದಾಗಲೆಲ್ಲ ಮಿಸ್ತ್ರಿ ಹಳೇ ಟೈರಿನ ಮೇಲೆ ಕೂತು ರಸ್ತೆ ನೋಡುತ್ತಿರುತ್ತಿದ್ದರು. ನಾನು ಹೋಗುವುದು ಹೆಚ್ಚಾಯಿತು. ಇಲ್ಲದ ಸಪ್ಪಳಗಳನ್ನೂ ಬಾಯಲ್ಲಿ ಮಾಡಿ ತೋರಿಸಿದೆ. ಅವರು ಕೈ ಇಟ್ಟು ನೋಡಿ, "ಏನೂ ಇಲ್ರಿ ಅಕ್ಕೋರ, ಛಲೋ ಅದ" ಅಂತ ಚಹಾ ತರಿಸುತ್ತಿದ್ದರು.

ಹೇಳಿಬಿಡಬೇಕು ಅಂತ ಹೋದ ದಿನಗಳೂ ಇದ್ದವು. ಎದುರು ಕೂತರೆ ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ನಾನು ಬಿಸಿಲಿನ ಮಾತು ಆಡುತ್ತಿದ್ದೆ, ಶಾಲೆಯ ಮಾತು ಆಡುತ್ತಿದ್ದೆ. ಒಂದು ಸಲ ಮಾತ್ರ ಹೇಳಿದೆ. ಅವರು ಗಾಲಿಯ ಹಿಂದೆ ತಲೆ ತೂರಿಸಿ ಬಗ್ಗಿದ್ದಾಗ, ಸೀಟಿನಲ್ಲಿ ಕೂತು, "ನಾನ ಹೇಳಿದ್ದು ಮಿಸ್ತ್ರಿ. ತಪ್ಪಾತು" ಅಂತ ಗಟ್ಟಿಯಾಗಿಯೇ ಅಂದೆ. ಹೋಟೆಲಿನವನಿಗೂ ಕೇಳಿಸಿರಬೇಕು. ಮಿಸ್ತ್ರಿ ಗಾಲಿಯ ಹಿಂದಿನಿಂದ ಎದ್ದು ಬಂದು, "ಏನರೆ ಅಂದ್ರೇನು?" ಅಂದರು. ಇಲ್ಲ ಅಂದೆ.

ಹೀಗೇ ಎರಡು ವರ್ಷ ಕಳೆದು, ಒಂದು ಬೇಸಿಗೆಯಲ್ಲಿ ಶೆಡ್ಡಿಗೆ ಕೀಲಿ ಬಿತ್ತು. ಊರಿಗೆ ಹೋಗಿರಬೇಕು ಅಂದುಕೊಂಡೆ... ರಜೆ, ಪರೀಕ್ಷೆ, ಪೇಪರ್ ತಿದ್ದುವುದು, ಹೀಗೇ ದಿನ ಕಳೆದವು. ಮತ್ತೆ ವಿಚಾರಿಸುವಷ್ಟರಲ್ಲಿ ಮಿಸ್ತ್ರಿ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಎದೆನೋವು ಬಂದಿತ್ತಂತೆ. ಹೋಟೆಲಿನವನು ಹೇಳಿದ.

ಅವರ ಊರು ಕುರ್ಡಿ. ಒಂದು ಭಾನುವಾರ ಕೇಳಿಕೊಂಡು ಹೋದೆ. ಅವರ ಹೆಂಡತಿಯನ್ನು ಅದೇ ಮೊದಲು ನೋಡಿದ್ದು. ನಾನು ಯಾರು ಅಂತ ಹೇಳುವ ಮೊದಲೇ, "ಬರ್ರಿ ಅಕ್ಕೋರ" ಅಂದರು. ಚಾಪೆ ಹಾಕಿದರು. ಬೇಡವೆಂದರೂ ಚಹಾಕ್ಕೆ ಇಟ್ಟರು. ನಾನು ಮಿಸ್ತ್ರಿಯ ಕೈಗುಣದ ಬಗ್ಗೆ ನಾಲ್ಕು ಮಾತು ಹೇಳಿದೆ. ಆ ಹೆಂಗಸು ತಲೆ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ ಕೇಳಿಸಿಕೊಂಡರು. ಆಮೇಲೆ ಕಪ್ಪಿಗೆ ಚಹಾ ಸೋಸುತ್ತ, ಬೈಯುವ ದನಿ ಒಂಚೂರೂ ಇಲ್ಲದೆ ಅಂದರು:

"ಅವರಿಗೆ ಕೇಳಂಗಿಲ್ಲ ಅನ್ನೂದು ಮೂರ ಮಂದಿಗೆ ಗೊತ್ತಿತ್ರಿ. ಅವರಿಗೆ, ನನಗ, ನಿಮಗ. ಮಕ್ಕಳಿಗೂ ಹೇಳಿರಲಿಲ್ಲ."

ಕಪ್ಪನ್ನು ನನ್ನ ಕಡೆ ಸರಿಸಿದರು.

"ಹಾರ್ನ್ ಹೊಡದ ದಿನ ಮನಿಗೆ ಬಂದು ಉಣ್ಣಲಿಲ್ಲ. ನಾ ನಿಮಗ ಬೈದೆ, ಸುಳ್ಳ್ಯಾಕ ಹೇಳ್ಲಿ. ನಾಳಿ ನಾನ ಕ್ರಾಸಿಗೆ ಬಂದು ಕೇಳ್ತೀನಿ ಅಂದೆ. ಬ್ಯಾಡ ಅಂದ್ರು. ಅಕ್ಕೋರ ಮುಂದ ಈ ಮಾತು ಎತ್ತಬ್ಯಾಡ, ಎತ್ತಿದ್ರ ನಾಚಿಕಿ ಬಿದ್ದು ಅವರೂ ಬರೂದು ಬಿಡ್ತಾರ, ಅಂದ್ರು."

ಚಹಾ ಕುಡಿದೆ. ಬಿಸಿ ಇತ್ತು, ಸಕ್ಕರೆ ಜಾಸ್ತಿ ಇತ್ತು. ಎದ್ದು ಬರುವಾಗ ಕೈ ಮುಗಿದೆ. ಆಕೆ ಬಾಗಿಲತನಕ ಬಂದು ನಿಂತರು.

ಅಷ್ಟು ದಿನ ನಾನು ಶೆಡ್ಡಿಗೆ ಹೋಗುತ್ತಿದ್ದುದನ್ನು ನನ್ನ ದೊಡ್ಡತನ ಅಂತ ತಿಳಿದಿದ್ದೆ. ಎಲ್ಲರೂ ಬಿಟ್ಟರೂ ನಾನು ಬಿಡಲಿಲ್ಲ ಅಂತ ಒಳಗೊಳಗೇ ಒಂದು ಸಮಾಧಾನ ಇತ್ತು. ನೀವೇ ಹೇಳಿದ್ದೇನು ಅಂತ ಅವರು ಬಾಯಿ ಬಿಟ್ಟು ಕೇಳಿದ್ದರೆ ನಾನು ಆಮೇಲೂ ಹೋಗುತ್ತಿದ್ದೆನೇ? ಎಷ್ಟೋ ಸಲ ಯೋಚಿಸಿದ್ದೇನೆ. ಹೋಗುತ್ತಿರಲಿಲ್ಲ. ಎರಡು ಸಲ ಹೋಗಿ, ಆಮೇಲೆ ಬೇರೆ ಗ್ಯಾರೇಜು ಹುಡುಕಿಕೊಳ್ಳುತ್ತಿದ್ದೆ. ನನ್ನನ್ನು ಅವರು ಅಷ್ಟು ಸರಿಯಾಗಿ ತಿಳಿದುಕೊಂಡಿದ್ದರು.

ಈಗ ಆ ಜಾಗದಲ್ಲಿ ಟೈರಿನ ಅಂಗಡಿ ಆಗಿದೆ. ಬೇವಿನ ಮರ ಕಡಿದಿದ್ದಾರೆ. ದಿನಾ ಎರಡು ಹೊತ್ತು ಅದರ ಮುಂದಿನಿಂದಲೇ ಶಾಲೆಗೆ ಹೋಗಿ ಬರುತ್ತೇನೆ. ತಪ್ಪಾಯಿತು ಅಂತ ಮುಖ ನೋಡಿ ಹೇಳಲು ನನಗೆ ಎರಡು ವರ್ಷ ಸಮಯವಿತ್ತು. ಅವರು ನನ್ನ ಎದುರಿಗೇ, ಒಂದು ಮೊಳ ದೂರದಲ್ಲಿ, ನನ್ನ ತುಟಿ ನೋಡುತ್ತಲೇ ಕೂತಿರುತ್ತಿದ್ದರು.